ಟೆಂಟರ್ ಕೊಕ್ಕೆಗಳ ಮೇಲೆ
(ಒಂದು ಇಂಗ್ಲಿಷ್ ನುಡಿಗಟ್ಟಿನ ಅರ್ಥವೂ ಪ್ರಯೋಗವೂ)

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಏನಾದರೂ ಬರೆಯಲೇಬೇಕೆಂದು ಸಂಪಾದಕ ಮಂಡಲಿಯವರು ಒತ್ತಾಯಪಡಿಸಿದರು. ಶಾಲೆಯ ಅಭಿವೃದ್ಧಿಯ ವರದಿಯನ್ನು ಬರೆದು ಕೊಟ್ಟಿದ್ದರೆ ಕೆಲಸವು ಸುಲಭವಾಗಿ ಮುಗಿಯುತ್ತಿತ್ತು. ಆದರೆ ಬಹುದಿವಸಗಳಿಂದ ನನ್ನ ತಲೆಯ ಮೇಲೆ ಒಂದು ಸಾಲವು ಉಳಿದಿದೆ. ಆ ಸಾಲವು ಹಳೆಯ ವಿದ್ಯಾರ್ಥಿನಿಯರಾದ ನಿಮಗೆ ಸಲ್ಲತಕ್ಕದ್ದು. ನೀವೆಲ್ಲರೂ ಒಂದೇ ಕಡೆಯಲ್ಲಿ ಓದುವ ಪುಸ್ತಕವು ಇದೊಂದೇ ಆದದ್ದರಿಂದ, ಅದನ್ನು ಇಲ್ಲಿಯೇ ತೀರಿಸಬೇಕೆಂದು ನಿಶ್ಚಯಿಸಿದೆನು.

ಸಾಲವು ಏನೆಂದರೆ, ಒಂದು ಇಂಗ್ಲಿಷ್ ನುಡಿಗಟ್ಟನ್ನು ನಾನು ನಿಮ್ಮಲ್ಲಿ ಅನೇಕರಿಗೆ ತಪ್ಪಾಗಿ ಕಲಿಸಿದ್ದೇನೆ. 'ಆನ್ ಟೆಂಟರ್‌ಹುಕ್ಸ್' ಎಂಬುದೇ ಆ ನುಡಿಗಟ್ಟು. ಹತ್ತನೆಯ ತರಗತಿಯ ನುಡಿಗಟ್ಟುಗಳ ಪಟ್ಟಿಯಲ್ಲಿ ನಾನು ಅದನ್ನು ಕರಿಹಲಗೆಯ ಮೇಲೆ 'ಆನ್ ಟೆಂಡರ್ ಹುಕ್ಸ್' ಎಂದು ಬರೆಯುತ್ತಿದ್ದೆನು. ಉಪಾಧ್ಯಾಯಿನಿಯರ ತರಬೇತಿಯ ಕಾಲದಲ್ಲಿ ಯಾರೋ ಓದಿ ಹೇಳಿದ್ದನ್ನು ಕಿವಿಯಿಂದ ಕೇಳಿ ಬರೆದುಕೊಂಡಿದ್ದ ಟಿಪ್ಪಣಿಯೊಂದು ನನ್ನ ಬಳಿಯಲ್ಲಿತ್ತು. ಅದನ್ನು ನಿಘಂಟಿನೊಡನೆ ಹೋಲಿಸಿ ನೋಡುವಷ್ಟು ಎಚ್ಚರಿಕೆಯು ನನಗೆ ಆಗ ಇರಲಿಲ್ಲ. 'ಟೆಂಡರ್' ಎಂದರೆ ಮೃದುವಾದದ್ದು, 'ಹುಕ್' ಎಂದರೆ ಕೊಕ್ಕೆ. ಮೃದುವಾದ ಕೊಕ್ಕೆಗಳಿಂದ ಹೃದಯವನ್ನು ಮೇಲಕ್ಕೆ ಎತ್ತಿದಂತೆ ಆಗುವ ಸಂತೋಷದ ಉದ್ವೇಗವೇ ಇದರ ಅರ್ಥವೆಂದು ನಾನು ಬಹು ಸೊಗಸಾಗಿ ವಿವರಿಸುತ್ತಿದ್ದೆನು. ಹಬ್ಬದ ಮುನ್ನಾದಿನದಲ್ಲಿ ಮಕ್ಕಳಿಗೆ ಉಂಟಾಗುವ ಸಂಭ್ರಮವೇ ಇದಕ್ಕೆ ಉದಾಹರಣೆಯೆಂದು ಹೇಳುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ವಿವರಣೆಯು ಸೊಗಸಾಗಿತ್ತು, ಆದರೆ ಅದರಲ್ಲಿ ಒಂದು ಮಾತೂ ಸತ್ಯವಾಗಿರಲಿಲ್ಲ.

ಈ ತಪ್ಪು ನನಗೆ ತಿಳಿದುಬಂದದ್ದು ಶಾಲೆಯ ವಾರ್ಷಿಕೋತ್ಸವದ ದಿನ. ನನಗೆ ಚಿಕ್ಕಂದಿನಲ್ಲಿ ಇಂಗ್ಲಿಷನ್ನು ಕಲಿಸಿದ ಅಮ್ಮನವರು ಬಹುಕಾಲ ಇಂಗ್ಲೆಂಡಿನಲ್ಲಿದ್ದು ಹಿಂತಿರುಗಿದ್ದರು. ಅವರನ್ನೇ ಆ ಸಲ ಮುಖ್ಯ ಅತಿಥಿಗಳಾಗಿ ಕರೆದಿದ್ದೆವು. ಸ್ವಾಗತ ಪತ್ರವನ್ನು ನಾನೇ ಇಂಗ್ಲಿಷಿನಲ್ಲಿ ಬರೆದು, ನಮ್ಮ ವಿದ್ಯಾರ್ಥಿನಾಯಕಿಯಿಂದ ಓದಿಸಿದೆನು. ತಾವು ಬರುವಿರೆಂದು ತಿಳಿದಂದಿನಿಂದ ನಾವೆಲ್ಲರೂ 'ಆನ್ ಟೆಂಡರ್ ಹುಕ್ಸ್' ಇದ್ದೇವೆ ಎಂಬ ವಾಕ್ಯವು ಅದರಲ್ಲಿತ್ತು. ಅಮ್ಮನವರು ಸಭೆಯಲ್ಲಿ ನಸುನಕ್ಕು ಸುಮ್ಮನಾದರು. ಉಪಾಹಾರವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಮಗೂ, ನಾನು ಬರುತ್ತೇನೆಂದು ಕೇಳಿ ನಿಮಗೆಲ್ಲಾ ಅಷ್ಟೊಂದು ಸಂಕಟವಾಯಿತೇ?" ಎಂದು ಮೆಲ್ಲನೆ ಕೇಳಿದರು. ಆ ರಾತ್ರಿ ನಾನು ನಿಘಂಟನ್ನು ತೆರೆದೆನು. ಮರುದಿವಸವೇ ತರಗತಿಯಲ್ಲಿ ತಪ್ಪನ್ನು ಒಪ್ಪಿಕೊಂಡು ತಿದ್ದಿದೆನು. ಆದರೆ ಅದಕ್ಕೆ ಮುಂಚೆಯೇ ಶಾಲೆಯನ್ನು ಬಿಟ್ಟು ಹೋಗಿದ್ದವರನ್ನು ಎಲ್ಲಿ ಹುಡುಕಲಿ? ಒಂದು ನುಡಿಗಟ್ಟಿನಿಂದ ಯಾರಿಗೆ ಏನು ಹಾನಿಯಾದೀತೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆನು.

ಹಾನಿಯಾಗಿತ್ತೆಂಬುದು ಈ ವರ್ಷ ತಿಳಿಯಿತು. ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರದ ಪಟ್ಟಣದ ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. ಅವಳ ತಂದೆಗೆ ಶಸ್ತ್ರಚಿಕಿತ್ಸೆಯಾಗುತ್ತಿದ್ದ ದಿನ ಅವಳು ಬಾಗಿಲ ಹೊರಗೆ ಕಾದು ಕುಳಿತಿದ್ದಳಂತೆ. ಜೊತೆಯ ದಾದಿಯೊಬ್ಬಳು ಬಂದು ಕೈಹಿಡಿದುಕೊಂಡು, ನೀನು 'ಆನ್ ಟೆಂಟರ್‌ಹುಕ್ಸ್' ಇರಬೇಕಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳಂತೆ. ನಾನು ಕಲಿಸಿದ್ದ ಅರ್ಥವನ್ನೇ ನಂಬಿದ್ದ ಈಕೆಗೆ, ತನ್ನ ತಂದೆಯ ಪ್ರಾಣವು ತೂಗಾಡುತ್ತಿರುವಾಗ ಇವಳು ನನಗೆ ಸಂಭ್ರಮವೇ ಎಂದು ಹಾಸ್ಯಮಾಡುತ್ತಾಳಲ್ಲಾ ಎಂದು ತೋರಿತು. ಕೈಯನ್ನು ಕೊಡವಿಕೊಂಡು ಎದ್ದುಹೋದಳು. ದೇವರ ದಯೆಯಿಂದ ತಂದೆಯು ಗುಣಹೊಂದಿದರು. ಆದರೆ ಆ ಸ್ನೇಹಿತೆಯೊಡನೆ ಇವಳು ತಿಂಗಳುಗಟ್ಟಲೆ ಮಾತನಾಡಲಿಲ್ಲ. ಬಹಳ ದಿನಗಳ ಮೇಲೆ ನಿಜವಾದ ಅರ್ಥವು ತಿಳಿದಾಗ ಆ ಸ್ನೇಹಿತೆಯು ಬೇರೆ ಊರಿಗೆ ಹೊರಟುಹೋಗಿದ್ದಳು. "ಅಮ್ಮನವರೇ, ತಮ್ಮ ಮೇಲೆ ತಪ್ಪು ಹೊರಿಸುವುದಕ್ಕಾಗಿ ಇದನ್ನು ಬರೆಯಲಿಲ್ಲ, ನನ್ನ ಹಾಗೆ ಇನ್ನೊಬ್ಬಳು ತನ್ನ ಗೆಳತಿಯನ್ನು ನೋಯಿಸಬಾರದೆಂದು ಬರೆದೆನು" ಎಂಬುದಾಗಿ ಅವಳ ಪತ್ರವು ಮುಗಿದಿತ್ತು. ಅವಳ ಅಪ್ಪಣೆಯನ್ನು ಪಡೆದೇ ಈ ಸಂಗತಿಯನ್ನು ಇಲ್ಲಿ ತಿಳಿಸಿದ್ದೇನೆ. ಆದಕಾರಣ ಈ ಮಾತಿನ ಹುಟ್ಟು, ಅರ್ಥ, ಪ್ರಯೋಗಗಳನ್ನು ಈಗಲಾದರೂ ಕ್ರಮವಾಗಿ ಹೇಳುವುದು ನನ್ನ ಕರ್ತವ್ಯವಾಗಿದೆ.

ಈ ಕೊಕ್ಕೆಗಳು ಕಲ್ಪನೆಯ ಕೊಕ್ಕೆಗಳಲ್ಲ, ಕಬ್ಬಿಣದವು. ಇವು ಇಂಗ್ಲೆಂಡಿನ ಉಣ್ಣೆಯ ಬಟ್ಟೆಯ ಕೈಗಾರಿಕೆಗೆ ಸೇರಿದವು. ಉಣ್ಣೆಯ ಅಂಗಿಯನ್ನು ತಿಳಿಯದೆ ಬಿಸಿನೀರಿನಲ್ಲಿ ಉಜ್ಜಿ ಒಗೆದು, ಅದು ಕೂಸಿನ ಅಂಗಿಯಷ್ಟು ಚಿಕ್ಕದಾದದ್ದನ್ನು ನೋಡಿ ಮರುಗಿದ ತಾಯಂದಿರು ನಮ್ಮಲ್ಲಿಯೂ ಇದ್ದಾರೆ. ನೀರು, ಶಾಖ, ತಿಕ್ಕಾಟ ಇವು ಮೂರೂ ಸೇರಿದರೆ ಉಣ್ಣೆಯ ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಬಟ್ಟೆಯು ಕುಗ್ಗುತ್ತದೆ, ದಪ್ಪವೂ ಆಗುತ್ತದೆ. ಮನೆಯಲ್ಲಿ ನಷ್ಟವಾಗಿ ಕಾಣುವ ಈ ಗುಣವನ್ನೇ ಇಂಗ್ಲೆಂಡಿನ ಬಟ್ಟೆಗಾರರು ಲಾಭಕ್ಕೆ ತಿರುಗಿಸಿಕೊಂಡಿದ್ದರು. ಮಗ್ಗದಿಂದ ಇಳಿದ ಬಟ್ಟೆಯು ಸಡಿಲವಾಗಿಯೂ ಜಿಡ್ಡಾಗಿಯೂ ಇರುತ್ತಿತ್ತು. ಅದನ್ನು ನೀರಿನಲ್ಲಿ ನೆನೆಯಿಸಿ, ನಮ್ಮಲ್ಲಿ ಮುಲ್ತಾನಿ ಮಿಟ್ಟಿಯೆಂದು ಮಾರುವ ಜಾತಿಯ ಮಣ್ಣನ್ನು ಹಾಕಿ, ಹಳೆಯ ಕಾಲದಲ್ಲಿ ಕಾಲಿನಿಂದಲೂ ಆಮೇಲೆ ನೀರಿನ ಬಲದಿಂದ ಏಳುಬೀಳುವ ಮರದ ಕೊಡತಿಗಳಿಂದಲೂ ಕುಟ್ಟುತ್ತಿದ್ದರು. ಹೀಗೆ ಕುಟ್ಟಿದ ಮೇಲೆ ಜಿಡ್ಡು ಹೋಗಿ, ಬಟ್ಟೆಯು ಗಾಳಿ ಮಳೆಗಳನ್ನು ತಡೆಯುವಷ್ಟು ಒತ್ತಾಗುತ್ತಿತ್ತು.

ಆದರೆ ಆ ಒದ್ದೆಯ ಬಟ್ಟೆಯನ್ನು ಹಾಗೆಯೇ ಒಣಗಲು ಬಿಟ್ಟರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕುಗ್ಗಿ ಸೊಟ್ಟಗಾಗುತ್ತಿತ್ತು. ಆದ್ದರಿಂದ ಬಯಲಿನಲ್ಲಿ ಬೇಲಿಯಂತೆ ಉದ್ದಕ್ಕೆ ಮರದ ಚೌಕಟ್ಟುಗಳನ್ನು ನಿಲ್ಲಿಸುತ್ತಿದ್ದರು. ಇದಕ್ಕೆ 'ಟೆಂಟರ್' ಎಂದು ಹೆಸರು. ಮೇಲಿನ ತೊಲೆಯಲ್ಲಿಯೂ ಕೆಳಗಿನ ತೊಲೆಯಲ್ಲಿಯೂ ಬಗ್ಗಿಸಿದ ಮೊನೆಯ ಮೊಳೆಗಳನ್ನು ಒತ್ತೊತ್ತಾಗಿ ಹೊಡೆದಿರುತ್ತಿದ್ದರು. ಇವೇ 'ಟೆಂಟರ್‌ಹುಕ್' ಎಂಬ ಕೊಕ್ಕೆಗಳು. ಬಟ್ಟೆಯ ಒಂದು ಅಂಚನ್ನು ಮೇಲಿನ ಕೊಕ್ಕೆಗಳಿಗೂ ಇನ್ನೊಂದು ಅಂಚನ್ನು ಕೆಳಗಿನ ಕೊಕ್ಕೆಗಳಿಗೂ ಸಿಕ್ಕಿಸಿ, ಕೆಳಗಿನ ತೊಲೆಯನ್ನು ಸರಿಸಿ ಬಟ್ಟೆಯನ್ನು ಬಿಗಿಯುತ್ತಿದ್ದರು. ಬಿಸಿಲಿನಲ್ಲಿಯೂ ಗಾಳಿಯಲ್ಲಿಯೂ ಒಣಗುವ ತನಕ ಅದು ಹಾಗೆಯೇ ನಿಂತಿರಬೇಕು. ನಮ್ಮ ಶಾಲೆಯಲ್ಲಿ ಕಸೂತಿಯನ್ನು ಕಲಿತವರು, ಬಳೆಯಂಥ ಚೌಕಟ್ಟಿನಲ್ಲಿ ಬಟ್ಟೆಯನ್ನು ಸಿಕ್ಕಿಸಿ ತಮಟೆಯಂತೆ ಬಿಗಿಯುತ್ತಿದ್ದದ್ದನ್ನು ನೆನಸಿಕೊಳ್ಳಲಿ. ನೇಕಾರರ ಬೀದಿಯಲ್ಲಿ ಬೆಳೆದವರು, ಹಾಸನ್ನು ಬೀದಿಯುದ್ದಕ್ಕೂ ಎಳೆದು ನಿಲ್ಲಿಸಿ ಗಂಜಿ ಹಚ್ಚುತ್ತಿದ್ದದ್ದನ್ನು ನೆನಸಿಕೊಳ್ಳಲಿ. ಹಾಸನ್ನು ಬಿಗಿಯುವುದು ನೇಯುವುದಕ್ಕೆ ಮೊದಲು. ಟೆಂಟರಿನ ಕೆಲಸವಾದರೋ ನೇಯ್ದಾದ ಮೇಲೆ. ಇಷ್ಟೇ ವ್ಯತ್ಯಾಸ.

'ರಾಬಿನ್ಸನ್ ಕ್ರೂಸೋ' ಕಥೆಯನ್ನು ಬರೆದ ಡ್ಯಾನಿಯಲ್ ಡೆಫೊ ಎಂಬವನು ಬ್ರಿಟನ್ ದೇಶವನ್ನು ಸಂಚರಿಸಿದ ವೃತ್ತಾಂತವನ್ನು 1724ರಿಂದ 1727ರ ವರೆಗೆ ಪ್ರಕಟಿಸಿದನು. ಯಾರ್ಕ್‌ಷೈರ್ ಪ್ರಾಂತದ ಹ್ಯಾಲಿಫ್ಯಾಕ್ಸ್ ಸೀಮೆಯಲ್ಲಿ ಬೆಟ್ಟದ ಇಳಿಜಾರಿನ ಮನೆಮನೆಯ ಬಳಿಯಲ್ಲಿಯೂ ಟೆಂಟರುಗಳಿದ್ದು, ಅವುಗಳ ಮೇಲೆ ಬಟ್ಟೆಗಳು ಬಿಸಿಲಿಗೆ ಹೊಳೆಯುತ್ತಿದ್ದದ್ದನ್ನು ಅವನು ವರ್ಣಿಸಿದ್ದಾನೆ. ಲಂಡನ್ ನಗರದ ಸ್ಪಿಟಲ್‌ಫೀಲ್ಡ್ಸ್ ಎಂಬ ಭಾಗದಲ್ಲಿ 'ಟೆಂಟರ್ ಗ್ರೌಂಡ್' ಎಂಬ ಬೀದಿಯ ಹೆಸರು ಇಂದಿಗೂ ಉಂಟು. ಬಟ್ಟೆಯ ಚೌಕಟ್ಟುಗಳು ಹೋದರೂ ಹೆಸರು ಉಳಿದಿದೆ. ಯಂತ್ರಗಳು ಬಂದ ಮೇಲೂ ಈ ಶಬ್ದವು ಸಾಯಲಿಲ್ಲ. ನಮ್ಮ ದೇಶದ ಬಟ್ಟೆಯ ಕಾರ್ಖಾನೆಗಳಲ್ಲಿ ಬಟ್ಟೆಯ ಎರಡು ಅಂಚುಗಳನ್ನೂ ಹಿಡಿದೆಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಅಗಲವನ್ನು ಸರಿಪಡಿಸುವ ಯಂತ್ರಕ್ಕೆ ಇಂದಿಗೂ 'ಸ್ಟೆಂಟರ್' ಎಂದೇ ಹೆಸರು.

ಆ ಕಾಲದ ಬಟ್ಟೆಗಾರನಿಗೆ ಟೆಂಟರಿನ ಮೇಲಿನ ಬಟ್ಟೆಯೆಂದರೆ ಇಡೀ ಸಂಸಾರದ ಅನೇಕ ದಿವಸಗಳ ದುಡಿಮೆ. ಹೆಂಡತಿ ಮಕ್ಕಳು ನೂತದ್ದು, ತಾನು ನೇಯ್ದದ್ದು, ಎಲ್ಲವೂ ಬಯಲಿನಲ್ಲಿ ಯಾರ ಕೈಗಾದರೂ ಸಿಕ್ಕುವಂತೆ ರಾತ್ರಿಯೆಲ್ಲಾ ನಿಂತಿರುತ್ತಿತ್ತು. ಆದ್ದರಿಂದಲೇ ಕಳ್ಳತನಕ್ಕೆ ಕಠಿನವಾದ ದಂಡನೆಗಳಿದ್ದವು. ಹ್ಯಾಲಿಫ್ಯಾಕ್ಸಿನ ಸ್ಥಳೀಯ ಪದ್ಧತಿಯಂತೆ ಹದಿಮೂರೂವರೆ ಪೆನ್ನಿ ಅಥವಾ ಅದಕ್ಕೆ ಹೆಚ್ಚು ಬೆಲೆಯ ಸೊತ್ತನ್ನು ಕದ್ದು ಸಿಕ್ಕಿಬಿದ್ದವನ ತಲೆಯನ್ನು ಯಂತ್ರದಿಂದ ಕಡಿಯುತ್ತಿದ್ದರು. ಅಲ್ಲಿ ಕೊನೆಯ ಸಲ ಇದು ನಡೆದದ್ದು 1650ರಲ್ಲಿ. ನುಡಿಗಟ್ಟು ಈ ಭಯದಿಂದ ಹುಟ್ಟಿತೆಂದು ನಾನು ಹೇಳುವುದಿಲ್ಲ; ಅದು ಹುಟ್ಟಿದ್ದು ಬಟ್ಟೆಯ ಬಿಗಿತದಿಂದ. ಆದರೂ ತನ್ನ ಬಟ್ಟೆಯು ಕೊಕ್ಕೆಗಳ ಮೇಲಿರುವಷ್ಟು ಕಾಲ ಮೋಡವನ್ನೂ ಕತ್ತಲೆಯನ್ನೂ ನೋಡುತ್ತಾ ಕಾದಿದ್ದವನ ಮನಸ್ಸು ನೆಮ್ಮದಿಯಾಗಿ ಇದ್ದಿರಲಾರದು.

ಇನ್ನು ಶಬ್ದದ ಮೂಲವನ್ನು ನೋಡೋಣ. 'ಟೆಂಟರ್' ಎಂಬುದು ಎಳೆ, ಚಾಚು, ಬಿಗಿ ಎಂಬ ಅರ್ಥದ 'ಟೆಂಡೆರೆ' ಎಂಬ ಲ್ಯಾಟಿನ್ ಧಾತುವಿನಿಂದ ಬಂದದ್ದು. ಬಟ್ಟೆಯನ್ನು ಎಳೆದು ಕಟ್ಟುವ 'ಟೆಂಟ್' ಎಂಬ ಡೇರೆಯೂ, ಬಿಗಿತವೆಂಬ ಅರ್ಥದ 'ಟೆನ್ಷನ್' ಎಂಬುದೂ ಇದರ ಒಡಹುಟ್ಟಿದವುಗಳು. ನಾವು ತರಗತಿಯಲ್ಲಿ ದಿನಕ್ಕೆ ಹತ್ತು ಸಲ ಬೇಡುವ 'ಅಟೆನ್ಷನ್' ಎಂಬುದೂ ಅದೇ ಕುಟುಂಬದ್ದು. ಮನಸ್ಸನ್ನು ಒಂದು ವಿಷಯದ ಕಡೆಗೆ ಚಾಚುವುದೇ ಗಮನ. ಗುತ್ತಿಗೆದಾರರು ಸಲ್ಲಿಸುವ 'ಟೆಂಡರು' ಕೂಡ ಮುಂದಕ್ಕೆ ಚಾಚಿ ಒಡ್ಡುವುದೆಂಬ ಅರ್ಥದಿಂದ ಇದೇ ಧಾತುವಿಗೆ ಸೇರಿದೆ. ಆದರೆ ನನ್ನನ್ನು ಮೋಸಗೊಳಿಸಿದ 'ಮೃದು' ಎಂಬ ಅರ್ಥದ 'ಟೆಂಡರ್' ಮಾತ್ರ 'ಟೆನೆರ್' ಎಂಬ ಬೇರೆ ಲ್ಯಾಟಿನ್ ಶಬ್ದದಿಂದ ಬಂದದ್ದು. ಈ ತಪ್ಪನ್ನು ಮಾಡಿದವಳು ನಾನೊಬ್ಬಳೇ ಅಲ್ಲವೆಂಬುದೂ, ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರಲ್ಲಿಯೂ ಅನೇಕರು ಹೀಗೆಯೇ ಬರೆಯುತ್ತಾರೆಂಬುದೂ ನನಗೆ ಅಲ್ಪ ಸಮಾಧಾನವನ್ನು ಕೊಟ್ಟಿತು. ಟೆಂಟರುಗಳು ಕಣ್ಣಿಗೆ ಮರೆಯಾದ ಮೇಲೆ, ಕಿವಿಯು ತನಗೆ ಪರಿಚಿತವಾದ ಶಬ್ದವನ್ನೇ ಹಿಡಿದುಕೊಂಡಿತು.

ಬಟ್ಟೆಯ ಹೆಸರು ಮನಸ್ಸಿಗೆ ಬಂದದ್ದು ಬಹು ಸಹಜವಾಗಿಯೇ. 1748ರಲ್ಲಿ ಪ್ರಕಟವಾದ ಟೋಬಿಯಸ್ ಸ್ಮಾಲೆಟ್ ಎಂಬವನ 'ರೋಡೆರಿಕ್ ರ‍್ಯಾಂಡಮ್' ಎಂಬ ಕಾದಂಬರಿಯಲ್ಲಿ, ಏನಾಗುವುದೋ ಎಂದು ತಾಳ್ಮೆಗೆಟ್ಟು ಕಾದಿರುವವನ ಸ್ಥಿತಿಗೆ ಈ ಕೊಕ್ಕೆಗಳ ಉಪಮಾನವು ಬಂದಿದೆ. ಎರಡೂ ಕಡೆಯಿಂದ ಎಳೆಯಲ್ಪಟ್ಟು, ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಇಳಿಯಲಾರದೆ, ಇನ್ನೊಬ್ಬರು ಬಂದು ಬಿಡಿಸುವ ವರೆಗೆ ಬಿಗಿದೇ ಇರತಕ್ಕ ಮನಸ್ಸು: ಇದೇ ಈ ನುಡಿಗಟ್ಟಿನ ಅರ್ಥ. ಇದರಲ್ಲಿ ಉದ್ವೇಗವುಂಟು, ಆದರೆ ಸಂಭ್ರಮವಿಲ್ಲ. ಆಶೆಯುಂಟು, ಆದರೆ ಅದರ ಜೊತೆಯಲ್ಲಿಯೇ ಭಯವೂ ಉಂಟು.

ಕನ್ನಡವು ಈ ವಿಷಯದಲ್ಲಿ ಬಡಭಾಷೆಯಲ್ಲ. ಸಂಭ್ರಮ, ತವಕ, ಕಾತರ, ಕಳವಳ ಎಂಬ ನಾಲ್ಕು ಶಬ್ದಗಳನ್ನು ಸಾಲಾಗಿ ಇಟ್ಟು ನೋಡಿರಿ. ಮದುವೆಯ ಮನೆಯಲ್ಲಿ ಸಂಭ್ರಮ. ತವರಿಗೆ ಹೊರಟವಳಿಗೆ ತವಕ. ಬಹುದಿನ ಕಾಗದ ಬರೆಯದ ಮಗನಿಗಾಗಿ ತಾಯಿಗೆ ಕಾತರ. ಕತ್ತಲಾದರೂ ಮಗಳು ಮನೆಗೆ ಬಾರದಿದ್ದರೆ ಕಳವಳ. ಇಂಗ್ಲಿಷಿನ ಈ ನುಡಿಗಟ್ಟು ಕಾತರ, ಕಳವಳಗಳ ಕಡೆಯದು; ಸಂಭ್ರಮದ ಕಡೆಯದಲ್ಲ. "ಮುಳ್ಳಿನ ಮೇಲೆ ನಿಂತ ಹಾಗಿದೆ", "ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದೇನೆ" ಎಂದು ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುವರಲ್ಲವೇ? ಅದೇ ಇದು. ಇದಕ್ಕೆ ವಿರುದ್ಧವಾಗಿ "ತುದಿಗಾಲಿನ ಮೇಲೆ ನಿಂತಿದ್ದೇವೆ" ಎಂಬುದು ಹರ್ಷದ ನಿರೀಕ್ಷೆ. ಇಂಗ್ಲಿಷಿನಲ್ಲಿಯೂ 'ಟಿಪ್‌ಟೋ' ಎಂಬ ಶಬ್ದಕ್ಕೆ ಇಂಥದೇ ಪ್ರಯೋಗವುಂಟು. ಅಂದು ನಾನು ಅಮ್ಮನವರ ಸ್ವಾಗತ ಪತ್ರದಲ್ಲಿ ಬರೆಯಬೇಕಾಗಿದ್ದದ್ದು ಅದನ್ನೇ.

ಈಗ ಪ್ರಯೋಗದ ನಿಯಮಗಳನ್ನು ಹೇಳುತ್ತೇನೆ. ಮೊದಲನೆಯದಾಗಿ, ಈ ಮಾತು ಯಾವಾಗಲೂ ಬಹುವಚನದಲ್ಲಿಯೇ ಇರತಕ್ಕದ್ದು. ಒಂದೇ ಕೊಕ್ಕೆಯಿಂದ ಬಟ್ಟೆಯನ್ನು ಬಿಗಿಯಲಾಗದೆಂಬುದನ್ನು ನೆನಪಿನಲ್ಲಿಟ್ಟರೆ ಇದನ್ನು ಮರೆಯಲಾರಿರಿ. ಎರಡನೆಯದಾಗಿ, ಇದರ ಹಿಂದೆ 'ಆನ್' ಎಂಬ ಅವ್ಯಯವೇ ಬರಬೇಕು; 'ಇನ್' ಎಂದಾಗಲಿ 'ಅಟ್' ಎಂದಾಗಲಿ ಬರೆಯಕೂಡದು. ಬಟ್ಟೆಯು ಕೊಕ್ಕೆಗಳ ಮೇಲೆ ಇರುತ್ತದೆಯೇ ಹೊರತು ಒಳಗೆ ಇರುವುದಿಲ್ಲ. ಮೂರನೆಯದಾಗಿ, ಫಲವು ಏನೆಂದು ಇನ್ನೂ ತಿಳಿಯದಿರುವಾಗ ಮಾತ್ರ ಇದು ಸಲ್ಲುತ್ತದೆ. ಡಾಕ್ಟರು ಬರುವ ತನಕ ನಮ್ಮ ಜೀವದಲ್ಲಿ ಜೀವವಿರಲಿಲ್ಲವೆಂದು ಹೇಳಬೇಕಾದರೆ, 'ವೀ ವರ್ ಆನ್ ಟೆಂಟರ್‌ಹುಕ್ಸ್ ಟಿಲ್ ದ ಡಾಕ್ಟರ್ ಕೇಮ್' ಎನ್ನಬಹುದು. ಡಾಕ್ಟರು ಬಂದು ಒಳ್ಳೆಯ ಸುದ್ದಿಯನ್ನು ಹೇಳಿದ ಮೇಲೆ ಉಂಟಾಗುವ ಆನಂದಕ್ಕೂ, ಕೆಟ್ಟ ಸುದ್ದಿಯ ಮೇಲಿನ ದುಃಖಕ್ಕೂ ಇದು ಸಲ್ಲದು. ಕೊಕ್ಕೆಯಿಂದ ಬಿಡಿಸಿದ ಮೇಲೆ ಬಟ್ಟೆಯು ಕೊಕ್ಕೆಯ ಮೇಲಿರುವುದಿಲ್ಲ.

ನಾಲ್ಕನೆಯದಾಗಿ, ಇದು ಸಂಭಾಷಣೆಗೂ ಸ್ನೇಹಿತರ ಪತ್ರಕ್ಕೂ ಒಪ್ಪುವ ಮಾತು. ಕಚೇರಿಗೆ ಬರೆಯುವ ಅರ್ಜಿಯಲ್ಲಿ ಇದನ್ನು ಸೇರಿಸಬಾರದು. ಕೆಲಸಕ್ಕಾಗಿ ಬರೆದುಕೊಂಡವಳು ತಾನು ಕೊಕ್ಕೆಗಳ ಮೇಲಿದ್ದೇನೆಂದು ತಿಳಿಸಿದರೆ ಅಧಿಕಾರಿಗಳಿಗೆ ಒತ್ತಾಯಮಾಡಿದಂತೆ ತೋರುವುದು. ಐದನೆಯದಾಗಿ, ಇದಕ್ಕೆ ಹತ್ತಿರದ ಬಂಧುಗಳೂ ಉಂಟು. 'ಆನ್ ಪಿನ್ಸ್ ಅಂಡ್ ನೀಡಲ್ಸ್' ಎಂಬುದು ಹೆಚ್ಚುಕಡಮೆ ಇದೇ ಅರ್ಥವುಳ್ಳದ್ದು. 'ವಿತ್ ಬೇಟೆಡ್ ಬ್ರೆತ್' ಎಂಬುದು ಉಸಿರು ಬಿಗಿಹಿಡಿದು ಕಾಯುವುದು. ಅದರಲ್ಲಿನ 'ಬೇಟೆಡ್' ಎಂಬುದು ತಗ್ಗಿಸಿದ ಎಂಬರ್ಥದ್ದು. ಗಾಳಕ್ಕೆ ಸಿಕ್ಕಿಸುವ ಎರೆಯ ಹೆಸರಿಗೂ ಅದಕ್ಕೂ ಉಚ್ಚಾರಣೆಯು ಒಂದೇ ಆದ್ದರಿಂದ, ಅಲ್ಲಿಯೂ ಬರೆಯುವವರು ಎಡವುತ್ತಾರೆ.

ಆರನೆಯ ಪ್ರಯೋಗವನ್ನು ಬೇಕೆಂದೇ ಕೊನೆಗೆ ಉಳಿಸಿದ್ದೇನೆ. 'ಟು ಕೀಪ್ ಸಮ್‌ವನ್ ಆನ್ ಟೆಂಟರ್‌ಹುಕ್ಸ್', ಅಂದರೆ ಇನ್ನೊಬ್ಬರನ್ನು ಕೊಕ್ಕೆಗಳ ಮೇಲೆ ಇರಿಸುವುದು. ಮೊದಲಿನ ಪ್ರಯೋಗಗಳಲ್ಲಿ ಕಾಯುವವರು ಮಾತ್ರ ಇದ್ದರು. ಇಲ್ಲಿ ಕಾಯಿಸುವವರೂ ಕಾಣಿಸಿಕೊಳ್ಳುತ್ತಾರೆ. ಇದನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ನನಗೆ ನನ್ನದೇ ಒಂದು ಅಭ್ಯಾಸವು ನೆನಪಿಗೆ ಬಂದು ಮಾತು ನಿಂತುಹೋಯಿತು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿದ ಮೇಲೂ ನಾನು ಅವುಗಳನ್ನು ಮೇಜಿನೊಳಗಿಟ್ಟು, ಮಕ್ಕಳು ಕೇಳಿದಾಗಲೆಲ್ಲಾ "ನೋಡೋಣ, ನೋಡೋಣ" ಎಂದು ಒಂದು ವಾರ ಕಾಯಿಸುತ್ತಿದ್ದೆನು. ಇದರಿಂದ ಅವರಿಗೆ ಶ್ರದ್ಧೆಯು ಹೆಚ್ಚುವುದೆಂದು ಎಣಿಸಿದ್ದೆನು. ಬಟ್ಟೆಯು ಒಣಗಿದ ಮೇಲೂ ಅದನ್ನು ಕೊಕ್ಕೆಗಳ ಮೇಲೆ ಬಿಟ್ಟಿದ್ದ ಬಟ್ಟೆಗಾರನುಂಟೇ? ಈಗ ನಾನು ತಿದ್ದಿದ ಮರುದಿವಸವೇ ಪತ್ರಿಕೆಗಳನ್ನು ಹಂಚುತ್ತೇನೆ. ಕಡಿಮೆ ಗುಣ ಬಂದವಳನ್ನು ಬೇರೆಯಾಗಿ ಕರೆದು ಮಾತನಾಡುತ್ತೇನೆ. ಶ್ರದ್ಧೆಯೇನೂ ಕಡಿಮೆಯಾಗಿಲ್ಲ.

ಪೋಷಕರಾದ ತಾಯಿತಂದೆಗಳಿಗೂ ಇಲ್ಲಿ ಒಂದು ಮಾತನ್ನು ಬಿನ್ನವಿಸಿಕೊಳ್ಳುತ್ತೇನೆ. ಹಿಂದಿನ ಬಟ್ಟೆಗಾರರಲ್ಲಿ ಕೆಲವರು ಲಾಭದ ಆಶೆಯಿಂದ ಬಟ್ಟೆಯನ್ನು ಅಳತೆಗೆ ಮೀರಿ ಎಳೆಯುತ್ತಿದ್ದರು. ಅಂಥ ಬಟ್ಟೆಯು ಸಂತೆಯಲ್ಲಿ ಉದ್ದವಾಗಿ ಕಾಣುತ್ತಿತ್ತು. ಆದರೆ ಒದ್ದೆಯಾದೊಡನೆ ಕುಗ್ಗಿಹೋಗುತ್ತಿತ್ತು. ಈ ಮೋಸವನ್ನು ತಡೆಯುವುದಕ್ಕಾಗಿ ಎಲಿಜಬೆತ್ ರಾಣಿಯ ಕಾಲದಲ್ಲಿ, 1597ರಲ್ಲಿ, ಉತ್ತರ ಇಂಗ್ಲೆಂಡಿನ ಬಟ್ಟೆಯ ವಿಷಯವಾಗಿ ಪ್ರತ್ಯೇಕವಾದ ಶಾಸನವನ್ನೇ ಮಾಡಬೇಕಾಯಿತು. ಎಸ್.ಎಸ್.ಎಲ್.ಸಿ. ಫಲಿತಾಂಶವು ಬರುವ ಮುಂಚಿನ ದಿನಗಳಲ್ಲಿ ನಿಮ್ಮ ಮಗಳು ತಾನಾಗಿಯೇ ಕೊಕ್ಕೆಗಳ ಮೇಲಿರುತ್ತಾಳೆ. ಅಷ್ಟು ಬಿಗಿತವು ಸಹಜವಾದದ್ದು, ಅದರಿಂದ ಹಾನಿಯಿಲ್ಲ. ಆದರೆ "ಪಕ್ಕದ ಮನೆಯವಳಿಗಿಂತ ಒಂದು ಗುಣ ಕಡಿಮೆಯಾದರೆ ನನಗೆ ಮುಖ ತೋರಿಸಬೇಡ" ಎಂದು ಹೇಳಿ ಕೆಳಗಿನ ತೊಲೆಯನ್ನು ಇನ್ನೂ ಎಳೆಯುವುದು ಸರಿಯಲ್ಲ. ಎಷ್ಟು ಗುಣ ಬಂದರೂ ಈ ಮನೆಯು ನಿನ್ನದೇ ಎಂದು ಮುಂಚಿತವಾಗಿಯೇ ಹೇಳಿಬಿಟ್ಟರೆ, ಫಲಿತಾಂಶವು ಬರುವುದಕ್ಕೆ ಮೊದಲೇ ಅರ್ಧದಷ್ಟು ಕೊಕ್ಕೆಗಳನ್ನು ಬಿಡಿಸಿದಂತಾಗುವುದು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಹಳೆಯ ನೋಟ್ ಪುಸ್ತಕವು ಎಲ್ಲಿಯಾದರೂ ಉಳಿದಿದ್ದರೆ ದಯವಿಟ್ಟು ತೆರೆಯಿರಿ. 'ಟೆಂಡರ್' ಎಂಬಲ್ಲಿ 'ಡ'ಕಾರವನ್ನು ಹೊಡೆದು 'ಟ'ಕಾರವನ್ನು ಬರೆಯಿರಿ. ಅದರ ಮುಂದೆ ಸಂತೋಷವೆಂದು ಇರುವುದನ್ನು ಅಳಿಸಿ, ಕಾತರವೆಂದು ತಿದ್ದಿಕೊಳ್ಳಿರಿ. ಯಾರಾದರೂ ನಿಮ್ಮ ಬಳಿಗೆ ಬಂದು, ನೀನು ಕೊಕ್ಕೆಗಳ ಮೇಲಿರುವೆಯಲ್ಲಾ ಎಂದು ಇಂಗ್ಲಿಷಿನಲ್ಲಿ ಕೇಳಿದರೆ, ಅವರು ನಿಮ್ಮ ಸಂಕಟವನ್ನು ಕಂಡುಕೊಂಡಿದ್ದಾರೆಂದು ತಿಳಿದು ಅವರ ಕೈಯನ್ನು ಬಿಡದೆ ಹಿಡಿದುಕೊಳ್ಳಿರಿ. ಆ ದಾದಿಯ ಸ್ನೇಹಿತೆಯು ಈಗ ಎಲ್ಲಿರುವಳೆಂದು ಕಡೆಗೂ ಗೊತ್ತಾಗಿ, ನಮ್ಮ ಹುಡುಗಿಯು ಅವಳಿಗೆ ಕಾಗದವನ್ನು ಬರೆದಿದ್ದಾಳಂತೆ. ಉತ್ತರವು ಇನ್ನೂ ಬಂದಿಲ್ಲ. ಅದು ಬರುವ ವರೆಗೆ ಅವಳೊಡನೆ ನಾನೂ ಈ ನುಡಿಗಟ್ಟಿನ ನಿಜವಾದ ಅರ್ಥವನ್ನು ಅನುಭವಿಸುತ್ತಿದ್ದೇನೆ.